ಮುತ್ಯಾ ಓದುವಷ್ಟು ಜಲ್ದಿ

ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಲ್ಕಮ್ಮ ಕಲಬುರ್ಗಿಯ ಬಸ್ಸಿನಲ್ಲಿ ಕೂತಿದ್ದಳು. ಟಿಕೇಟು ಹರಿಯುತ್ತ ಬಂದ ಕಂಡಕ್ಟರ್ ಕೌದಿಯ ಗಂಟು ನೋಡಿ, "ಕೂಸಿಗಿ ಎಷ್ಟು ವರ್ಷ ಆತವ್ವಾ? ಅರ್ಧಾ ಟಿಕೇಟ್ ಹರೀಲೇನು?" ಅಂದ.

"ಐದು ವರ್ಷ ಆತು. ಇನ್ನಾ ನಡ್ಯಾಕ ಬರವಲ್ದು," ಅಂದಳು ಮಲ್ಕಮ್ಮ. ಸುತ್ತ ಕೂತವರು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿಯಲ್ಲಿ ಅವಳು ಈ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ತಂದಾಗ ಊರೆಲ್ಲ ಬಂದು ನೋಡಿಹೋಗಿತ್ತು. ಈಗ, ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಅದಕ್ಕೆ ಮುಪ್ಪು ಬಂದಿತ್ತು. ದೇವರ ಚಿತ್ರ, ಬಳ್ಳಿಯ ಅಂಚು, ದಪ್ಪ ಅಕ್ಷರ ಎಲ್ಲ ಪರದೆಯ ಮೇಲೆ ಮೂಡುವಷ್ಟರಲ್ಲಿ ಗಿರಾಕಿಗಳು ಚಹಾ ಕುಡಿದು ಬರುತ್ತಿದ್ದರು. ಈ ಸಲದ ಲಗ್ನಸರಾಯಿಯಲ್ಲಿ ಕೆಲವರು ಚಹಾಕ್ಕೆಂದು ಹೋದವರು ತಿರುಗಿ ಬರಲೇ ಇಲ್ಲ. ಶಹರದ ಬಸ್ಸು ಹತ್ತಿದ್ದರು.

ಹೊಸ ಪ್ರೊಸೆಸರ್ ಹಾಕಿಸಬೇಕು, ಅದಕ್ಕೆ ತಕ್ಕ ಬೋರ್ಡೂ ಬೇಕು ಅಂತ ಅವಳು ಹೇಳಿದಾಗ ಗಂಡ ಕಾಶಿರಾಯ ಕೆಂಪು ಬಾಳೆಹಣ್ಣು ಮಾರಿ ಬಾವಿಯ ಮೋಟರಿಗೆಂದು ಇಟ್ಟಿದ್ದ ರೊಕ್ಕವನ್ನು ತಂದು ಅವಳ ಕೈಗೆ ಕೊಟ್ಟಿದ್ದ. "ಮೋಟರ್ ಇನ್ನೊಂದು ವರ್ಷ ಎಳೀತದ. ನೀ ನೋಡಿ, ಸರಿ ಅನಿಸಿದ್ರ ತಗೋ," ಅಂದಿದ್ದ. ಬ್ಯಾಡ ಅಂದಿದ್ದರೆ ಜಗಳವಾಡಬಹುದಿತ್ತು. ಹೀಗೆ ಅಂದುಬಿಟ್ಟರೆ ತಪ್ಪದ ಹಾಗೆ ನೋಡಿಯೇ ತೆಗೆದುಕೊಳ್ಳಬೇಕು.

ಮಹಾಗಾಂವ ಕ್ರಾಸಿನಲ್ಲಿ ಬಿಳಿ ರುಮಾಲಿನ ಅಮೋಘಪ್ಪ ಹತ್ತಿದ. ಮೊಮ್ಮಗನ ಲಗ್ನಪತ್ರಿಕೆ ಇವಳಿಗೇ ಕೊಟ್ಟಿದ್ದ ಮುದುಕ. ಇವಳನ್ನು ಕಂಡದ್ದೇ ಹಿಂದಿನ ಸೀಟಿನ ಕಡೆ ಜಾರಲು ನೋಡಿದ.

"ಮುತ್ಯಾ, ಇಲ್ಲಿ ಜಾಗಾ ಅದ, ಬರ್ರಿ. ಎಲ್ಲಿಗಿ ಹೊಂಟೀರಿ?"

ಅಮೋಘಪ್ಪ ಕೂತು ಧೋತರದ ಚುಂಗು ಸರಿಮಾಡಿಕೊಂಡ. "ಸುಳ್ಳ್ಯಾಕ ಹೇಳ್ಲಿ ತಂಗಿ. ಪತ್ರಿಕಿ ಹಾಕ್ಸಾಕ ಹೊಂಟೀನಿ. ಶಹರದಾಗ ನಿಂತ ಕಾಲ ಮ್ಯಾಲ ಕೊಡ್ತಾರಂತ. ನಿನ್ನ ಕಡಿ ಕೊಟ್ಟು ವಾರ ಆತು."

 ಮಲ್ಕಮ್ಮ ಕೌದಿಯ ಮೇಲೆ ಕೈಯಿಟ್ಟು, "ನಿಮ್ಮ ಪತ್ರಿಕಿ ಇದರಾಗೇ ಅದ ಮುತ್ಯಾ. ಹೊಸಾದು ಹಾಕ್ಸಾಕ ಹೊಂಟೀನಿ. ನನ್ನ ಕೂಡ ಬಂದು ನೋಡ್ರಿ. ಮನಸ್ಸಿಗಿ ಬರದಿದ್ರ ಬ್ಯಾರೆ ಕಡಿ ಹೋಗ್ರಿ," ಅಂದಳು.

ಸೂಪರ್ ಮಾರ್ಕೆಟ್ಟಿನ ಸಂದಿಯಲ್ಲಿ ಇನಾಯತನ ಅಂಗಡಿ. ಈ ಡಬ್ಬಿಯನ್ನು ಜೋಡಿಸಿಕೊಟ್ಟವನೂ ಅವನೇ. ಹೊಸ ಪ್ರೊಸೆಸರಿನ ಮಷೀನೊಂದು ಮೇಜಿನ ಮೇಲೆ ತಯಾರಿತ್ತು. "ಖಾಲಿ ಮಾತು ಯಾಕಕ್ಕಾ? ನಿಮ್ಮ ಕೆಲಸಾನೇ ಇದರ ಮ್ಯಾಲ ನೋಡ್ರಿ," ಅಂದವನೇ ಅಮೋಘಪ್ಪನ ಪತ್ರಿಕೆಯನ್ನು ಅದಕ್ಕೆ ಇಳಿಸಿ ತೆರೆದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟ ಪೂರ್ತಿ ಬಂತು.

"ಹಾಂ!" ಅಂದ ಅಮೋಘಪ್ಪ. ದೇವರಿಗೆ ಕೈಮುಗಿದ, ವಧೂವರರ ಹೆಸರು ನೋಡಿದ. "ಬರೋಬ್ಬರಿ ಅದ. ಹೊಡೀರಿ ಪ್ರಿಂಟ್!"

ಮಲ್ಕಮ್ಮನ ಕೈ ರೊಕ್ಕದ ಚೀಲಕ್ಕೆ ಹೋಯಿತು.

"ತಡೀರಿ, ಹಳೇದರಾಗೂ ಒಮ್ಮೆ ನೋಡೋಣು. ಎಷ್ಟು ಫರಕ್ ಅದ ಗೊತ್ತಾಗ್ಲಿ," ಅಂದ ಇನಾಯತ್.

ಹಳೆಯದು ಗುರ್ರೆಂದಿತು. ಮೊದಲು ದೇವರ ಕಿರೀಟ, ಆಮೇಲೆ ಮುಖ, ಬಹಳ ಹೊತ್ತಿನ ಮೇಲೆ ಪಾದ. ಆಮೇಲೆ ಒಂದೊಂದೇ ಸಾಲು. ಅಮೋಘಪ್ಪ ಕಲಿತದ್ದು ಕಡಿಮೆ. ಬೆರಳಿಟ್ಟು ಕೂಡಿಸಿ ಓದುವವನು. ಸಾಲು ಮೂಡುವ ನಡಿಗೆಗೂ ಅವನ ಓದಿಗೂ ಸರಿಹೋಯಿತು. ಗಾಜಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದ: "ಮಹಾಗಾಂವದ... ದಿ. ಅಮೋಘಪ್ಪ... ಇವರ ಮೊಮ್ಮಗ..."

ಬೆರಳು ನಿಂತಿತು.

ತೀರಿಹೋದವರ ಹೆಸರಿಗೆ ಹಚ್ಚುವ 'ದಿ.' ಅದು. ಹಳೆಯ ಗಿರಾಕಿಯ ಪತ್ರಿಕೆಯ ಮೇಲೆ ಹೊಸ ಹೆಸರು ಕೂಡಿಸುವುದು ಮಲ್ಕಮ್ಮನ ರೂಢಿ. ಆ ಹಳೆಯ ಗಿರಾಕಿಯ ಮನೆಯ ಅಜ್ಜ ತೀರಿಕೊಂಡಿದ್ದ. ಅವನ ಹೆಸರು ಹೋಗಿ 'ದಿ.' ಉಳಿದುಬಿಟ್ಟಿತ್ತು.

"ತಂಗಿ," ಅಂದ ಅಮೋಘಪ್ಪ ಮೆಲ್ಲಗೆ, "ನಾ ಯಾವಾಗ ಸತ್ನಿ?"

 "ತಪ್ಪಾತ್ರಿ ಮುತ್ಯಾ..." ಮಲ್ಕಮ್ಮ ಅನ್ನುವಷ್ಟರಲ್ಲಿ ಮುದುಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಬೀಗರು ಅಕ್ಕಿಕಾಳಿನ ಜೋಡಿ ನನ್ನ ಫೋಟೋಕ್ಕ ಹೂವಿನ ಹಾರಾನೂ ತರ್ತಿದ್ರಲ್ಲೋ!" ಇನಾಯತನೂ ನಕ್ಕ. ಕಣ್ಣು ಒರೆಸಿಕೊಳ್ಳುತ್ತ ಮಲ್ಕಮ್ಮನೂ ನಕ್ಕಳು.

ನಗು ಇಳಿದ ಮೇಲೆ ಅವಳು ಕೇಳಿದಳು: "ಇನಾಯತಣ್ಣ, ನಿಮ್ಮ ತಂಗಿ ಅಂತ ತಿಳ್ಕೊಂಡು ಹೇಳ್ರಿ. ಬಾವಿ ಮೋಟರಿಗಿ ಇಟ್ಟ ರೊಕ್ಕ ತಂದೀನಿ. ಹೊಸಾದು ಹಾಕಿದ್ರ ನನ್ನ ಕೆಲಸ ಜಲ್ದಿ ಆಗ್ತದೇನು?"

"ಪುಟ ಜಲ್ದಿ ಬರ್ತದ. ಆದ್ರ ಮುತ್ಯಾನ ಪತ್ರಿಕಿ ವಾರ ತಡ ಆಗಿದ್ದು ಪುಟ ಬರೋದಕ್ಕೇನು?"

 ಉತ್ತರ ಕೊಟ್ಟವನು ಅಮೋಘಪ್ಪನೇ. "ಇಲ್ಲಪಾ. ಬೀಗರ ಮನ್ಯಾಗ ಯಾರ ಹೆಸರು ಮೊದಲು ಬರಬೇಕು ಅಂತ ಜಗಳ ಬಿದ್ದು, ನಿನ್ನೆ ಹೆಸರು ಕಳಿಸ್ಯಾರ. ಆ ಬೀಗರಿಗಿ ಯಾವ ಪ್ರೊಸೆಸರ್ ಹಾಕ್ಸಬೇಕು ಹೇಳು!"

ಇನಾಯತ್ ಹಳೆಯ ಡಬ್ಬಿಯನ್ನು ಬಿಚ್ಚಿದ. ಫ್ಯಾನಿಗೆ ಕಮಲಾಪುರದ ಕೆಂಪು ಧೂಳು ಮೆತ್ತಿತ್ತು. "ಇದರ ಮೆಮರಿ ಸಣ್ಣದು ಅಕ್ಕಾ. ಸಣ್ಣ ಪರಾತದಾಗ ಹತ್ತು ಮಂದಿ ರೊಟ್ಟಿಗಿ ಹಿಟ್ಟು ನಾದಿದಂಗ ಆಗ್ಯದ. ಯಾರೋ ಬಿಚ್ಚಿಸಿದ್ದೊಂದು ಬಿದ್ದದ, ಹಾಕ್ತೇನಿ. ಪ್ರೊಸೆಸರ್ ಮುಂದಿನ ವರ್ಷ ನೋಡೋಣು. ಅಷ್ಟೊತ್ತಿಗಿ ಅದರ ಕಿಮ್ಮತ್ತೂ ಇಳೀತದ. ಈ ರೊಕ್ಕದಾಗ ಬಾವಿ ಮೋಟರ್ ತಗೋರಿ."

ಮಾರುವವನೇ ಬೇಡ ಅನ್ನುತ್ತಿದ್ದ.  ಹಾಕಿದ ಮೆಮರಿಯ ಹಣ ಅವಳು ಕೊಡಹೋದರೆ, "ಹಳೇ ಸಾಮಾನು, ಅದಕ್ಕೇನು ರೊಕ್ಕ? ಮನಿಗಿ ಕೆಂಪು ಬಾಳೆಹಣ್ಣು ತರ್ರಿ," ಅಂದ.

ಪುಟ ಈಗ ಮೊದಲಿಗಿಂತ ಚುರುಕಾಗಿ ಮೂಡಿತು. ಆದರೂ ಸಾಲು ಸಾಲಾಗಿಯೇ.

"ಸಾಕು ಸಾಕು, ಇನ್ನಾ ಓಡಿಸಬ್ಯಾಡ," ಅಂದ ಅಮೋಘಪ್ಪ. "ನನಗ ಓದಾಕ ಪುರಸತ್ತು ಇರ್ಲಿ."

ತಿರುಗಿ ಬರುವಾಗ ಡಬ್ಬಿ ಮುದುಕನ ತೊಡೆಯ ಮೇಲಿತ್ತು. ಎಷ್ಟು ಹೇಳಿದರೂ ಅವನು ಕೊಡಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಇಳಿದು, ಕಿಟಕಿಯ ಕೆಳಗೆ ಬಂದು ನಿಂತು ಕೂಗಿದ: "ಮೊದಲ್ನೇ ಪತ್ರಿಕಿ ನನ್ನ ಕೈಯಾಗೇ ಕೊಡಬೇಕು ತಂಗಿ. ಜೀವಂತ ಕೈಯಾಗ!"

"ಆತ್ರಿ ಮುತ್ಯಾ," ಅಂದಳು ಮಲ್ಕಮ್ಮ. ಬಸ್ಸು ಹೊರಟಿತು. ಕೌದಿಯೊಳಗಿನ ಡಬ್ಬಿಯನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಳು. ಸಂಜೆ ಅಂಗಡಿ ತೆರೆದು ಮೊದಲು 'ದಿ.' ಅಳಿಸಿ ಹೊಡೆಯಬೇಕಾದ ಅಕ್ಷರ ಅವಳ ಬಾಯಲ್ಲಿತ್ತು: ಶ್ರೀ.