ತೊಟ್ಟಿಗಿಳಿದ ಲಾಟೀನು

"ಉರೀತಾ ಐತೆ ನೋಡಿ ಸಾರ್," ಎಂದ ಸೊಣ್ಣಪ್ಪ, ಹಗ್ಗವನ್ನು ಇನ್ನೆರಡು ಮೊಳ ಸಡಿಲಿಸುತ್ತ. "ಗಾಳಿ ಇಲ್ದೆ ಇದ್ರೆ ಇಷ್ಟೊತ್ಗೆ ಕೆಟ್ಟೋಗಿರೋದು."

ಕಾರ್ಖಾನೆಯ ಹದಿನೈದು ಅಡಿ ಆಳದ ಕೊಳಚೆ ತೊಟ್ಟಿಯಲ್ಲಿ, ಕಪ್ಪು ಕೆಸರಿಗಿಂತ ಒಂದು ಗೇಣು ಮೇಲೆ, ಲಾಟೀನು ಅಲುಗಾಡದೆ ಉರಿಯುತ್ತಿತ್ತು. ಸೇಫ್ಟಿ ಆಫೀಸರ್ ಹರ್ಷವರ್ಧನ್ ಬಗ್ಗಿ ನೋಡಿದ. ನೋಡಿ, ಕೈಯಲ್ಲಿದ್ದ ಪರ್ಮಿಟ್ ಹಾಳೆಯಲ್ಲಿ 'ಗ್ಯಾಸ್ ಪರೀಕ್ಷೆ ಮಾಡಲಾಗಿದೆ' ಎಂಬ ಸಾಲಿನ ಮುಂದೆ ಟಿಕ್ ಹಾಕಿದ.

ಗ್ಯಾಸ್ ಅಳೆಯುವ ಮೀಟರ್ ಆ ಕಾರ್ಖಾನೆಯಲ್ಲಿ ಇರಲಿಲ್ಲವೆಂದಲ್ಲ. ಇತ್ತು. ಆಡಿಟ್‌ಗೆ ಬಂದವರ ಕಣ್ಣಿಗೆ ಬೀಳುವಂತೆ ಆಫೀಸಿನ ಗಾಜಿನ ಬೀರುವಿನಲ್ಲಿ ಠೀವಿಯಿಂದ ಕೂತಿತ್ತು. ಕೆಟ್ಟು ಎಂಟು ತಿಂಗಳಾಗಿತ್ತು, ಅಷ್ಟೆ. ರಿಪೇರಿ ಮಾಡಿಸಿ ಎಂದು ಹರ್ಷವರ್ಧನ್ ಮೂರು ಸಲ ಮೇಲ್ ಬರೆದಿದ್ದ, ಉತ್ತರ ಬಂದಿರಲಿಲ್ಲ. ನಾಳೆ ತಪಾಸಣೆ, ಅಷ್ಟರಲ್ಲಿ ತೊಟ್ಟಿ ತೊಳೆದಿಟ್ಟಂತಿರಬೇಕು. ಹರ್ಷವರ್ಧನ್ ಕೆಟ್ಟ ಹುಡುಗನಲ್ಲ. ದೊಡ್ಡವರೆದುರು ಬಾಯಿ ಬಾರದವನು. ಬೆಳಿಗ್ಗೆ "ಮೀಟರ್ ಇಲ್ದೆ ಆಳು ಇಳಿಸೋಕಾಗಲ್ಲ..." ಎಂದು ಶುರುಮಾಡುವಷ್ಟರಲ್ಲೇ ಮ್ಯಾನೇಜರು, "ಸೊಣ್ಣಪ್ಪ ಇದಾನಲ್ರೀ, ನೋಡ್ಕೋತಾನೆ," ಎಂದು ಫೋನು ಕಿವಿಗಿಟ್ಟುಕೊಂಡಿದ್ದರು.

ಸೊಣ್ಣಪ್ಪನೆಂದರೆ ಅಂಥ ನಂಬಿಕೆ. ಜಿಗಣಿ ಸುತ್ತಿನ ಹಳೇ ಬಾವಿಗಳಲ್ಲಿ ಅರ್ಧಕ್ಕರ್ಧ ಅವನ ಅಪ್ಪ, ತಾತ ತೋಡಿದವು. ಈಗ ಅವುಗಳ ಮೇಲೆ ಶೆಡ್ಡುಗಳು ಎದ್ದಿವೆ, ಆ ಮಾತು ಬೇರೆ. ಪಾಳುಬಾವಿಗೆ ಆಳು ಇಳಿಯುವ ಮುಂಚೆ ಲಾಟೀನು ಇಳಿಸಬೇಕು. ದೀಪ ಕೆಟ್ಟರೆ ಒಳಗೆ ಕೆಟ್ಟ ಗಾಳಿ, ಉರಿದರೆ ಭಯವಿಲ್ಲ. ಅಪ್ಪ ಕಲಿಸಿದ ಈ ಕ್ರಮದಿಂದಾಗಿ ಅವರ ಮನೆತನ ಒಬ್ಬನೇ ಒಬ್ಬ ಆಳನ್ನು ಬಾವಿಗೆ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಮೇಂಟೆನೆನ್ಸ್‌ನಲ್ಲಿ ಪೈಪು ತಿರುಗಿಸಿದವನಿಗೆ, ಇವತ್ತು ಓದಿದವರು ತನ್ನ ಲಾಟೀನಿನ ಮುಂದೆ ಕಾದು ನಿಂತದ್ದಕ್ಕೆ ಹೆಮ್ಮೆಯಾಗಿತ್ತು. ಆಗದೆ ಇರುತ್ತದೆಯೇ.

ಇಳಿಯಬೇಕಾದವನು ಬಸಲಿಂಗ. ಕುಷ್ಟಗಿ ಕಡೆಯವನು, ಗುತ್ತಿಗೆ ಆಳು. ಅಣ್ಣ ಕಾಡಪ್ಪನ ಜೊತೆ ಹೆಬ್ಬಗೋಡಿಯಲ್ಲಿ ಬಾಡಿಗೆ ಕೋಣೆ. ತಮ್ಮ ಕೆಳಗೆ ಬಕೆಟ್ಟಿಗೆ ಕೆಸರು ತುಂಬುವುದು, ಅಣ್ಣ ಮೇಲಕ್ಕೆ ಎಳೆಯುವುದು. ಸೊಣ್ಣಪ್ಪ ಲಾಟೀನಿನ ಹಗ್ಗವನ್ನು ಏಣಿಯ ತುದಿಗೆ ಕಟ್ಟಿ, ತಾನೇ ಬಸಲಿಂಗನ ಸೊಂಟಕ್ಕೆ ಇನ್ನೊಂದು ಹಗ್ಗ ಬಿಗಿದು, ಗಂಟನ್ನು ಎರಡು ಸಲ ಜಗ್ಗಿ ನೋಡಿದ.

"ಯಣ್ಣಾ, ಖರೇನ ಏನೂ ಆಗಂಗಿಲ್ಲಲ್ರೀ?" ಕಾಡಪ್ಪ ಕೇಳಿದ.

"ನಾನ್ ಏಳ್ತಿಲ್ವೇನೋ? ದೀಪ ಉರಿಯೋ ತಾವ ಮನ್ಸ ಉಸ್ರಾಡ್ತಾನೆ ಕಣ. ಇಳೀಲಿ ಬಿಡು."

ಬಸಲಿಂಗ ಕಬ್ಬಿಣದ ಏಣಿ ಹಿಡಿದು ಇಳಿದ. ಮೊದಲ ಸಲಿಕೆ ಹಾಕಿದ್ದೇ ಮೂಗು ಮುಚ್ಚಿಕೊಂಡ.

"ಕೊಳೆತ ತತ್ತಿ ನಾತ ಬರಾಕತ್ತೈತ್ರೀ! ನಮ್ಮ ಕಾಂಟ್ರಾಕ್ಟರ್ ಇಲ್ಲೇ ಎಲ್ಲ್ಯಾರ ಕುಂತಾನೇನು ನೋಡ್ರಿ."

ಮೇಲಿದ್ದವರೆಲ್ಲ ನಕ್ಕರು. ಹರ್ಷವರ್ಧನ್ ಕೂಡ ನಕ್ಕು, ಬಂದ ಫೋನು ಹಿಡಿದುಕೊಂಡು ಶೆಡ್ಡಿನ ಕಡೆಗೆ ಹೋದ.

ನಾಲ್ಕು ಬಕೆಟ್ ಮೇಲೆ ಬಂದವು. ಹಗ್ಗ ಸಲಿಕೆಗೆ ತೊಡರುತ್ತದೆ, ಬಿಚ್ಚಲೇ ಎಂದು ಬಸಲಿಂಗ ಕೇಳಿದ. ಸೊಣ್ಣಪ್ಪ ಲಾಟೀನು ನೋಡಿದ. ಉರಿಯುತ್ತಿತ್ತು. ಬಾವಿಯಲ್ಲೂ ಹಾಗೇ, ದೀಪ ಕೆಡದೆ ನಿಂತ ಮೇಲೆ ಹಗ್ಗದ ಗೊಡವೆ ಯಾರಿಗೂ ಇರುತ್ತಿರಲಿಲ್ಲ.

"ಬಿಚ್ಚು," ಎಂದ.

ಬಾವಿಯ ಹೂಳೆಂದರೆ ಎಲೆ, ಮಣ್ಣು. ಇಲ್ಲಿಯದು ವರ್ಷಗಟ್ಟಲೆ ಇಳಿದ ಆಸಿಡ್ಡು, ಕೆಮಿಕಲ್ಲು. ಕೆದಕಿದಷ್ಟೂ ಅದು ಏನು ಕಕ್ಕುತ್ತದೆಂದು ಲಾಟೀನಿಗೇನು ಗೊತ್ತು? ಸೊಣ್ಣಪ್ಪನಿಗೂ ಯಾರೂ ಹೇಳಿರಲಿಲ್ಲ.

ಏಳನೇ ಬಕೆಟ್ ತುಂಬುವಾಗ ಕೆಳಗಿನಿಂದ ದನಿ ಬಂತು. "ನಾತ ಹೋತು ನೋಡ್ರಿ ಈಗ. ಏನೂ ಬರವಲ್ದು."

ಸೊಣ್ಣಪ್ಪನಿಗೆ ನಿರಾಳವಾಯಿತು. ಫೋನು ಮುಗಿಸಿ ಬರುತ್ತಿದ್ದ ಹರ್ಷವರ್ಧನ್‌ಗೆ ದೂರದಿಂದಲೇ ಹೇಳಿದ, "ವಾಸ್ನೆ ನಿಂತೋಯ್ತಂತೆ ಸಾರ್. ಒಳ್ಳೆ ಗಾಳಿ ಆಡ್ತಾ ಐತೆ."

ಹರ್ಷವರ್ಧನ್ ನಿಂತಲ್ಲೇ ನಿಂತ. ಮುಖ ಬಿಳಿಚಿಕೊಂಡಿತು. ಟ್ರೈನಿಂಗಿನಲ್ಲಿ ಯಾವತ್ತೋ ಬರೆದುಕೊಂಡು ಮರೆತ ಪಾಠ ಅವನಿಗೆ ಈಗ ನೆನಪಾಗಿತ್ತು: ಕೊಳೆತ ಮೊಟ್ಟೆಯ ನಾತದ ಆ ವಿಷದ ಗ್ಯಾಸು ವಿಪರೀತವಾದಾಗ ಮೊದಲು ಸಾಯುವುದು ಮೂಗು.

"ಮೇಲ್ ಕರೀರಿ ಅವನ್ನ," ಎಂದ. "ಈಗ್ಲೇ ಕರೀರಿ. ವಾಸನೆ ಹೋಗಿಲ್ಲ ಸೊಣ್ಣಪ್ಪ, ಮೂಗು ಹೋಗಿದೆ."

"ಬಸಲಿಂಗಾ, ಬಾರೋ ಮ್ಯಾಕೆ. ಸಲಿಕೆ ಬಿಸಾಕಿ ಬಾ."

ಬಸಲಿಂಗ ತಲೆಯೆತ್ತಿ ನೋಡಿದ. ಏಣಿಗೆ ಕೈಹಾಕಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಆಮೇಲೆ ಬಸ್ಸಿನಲ್ಲಿ ತೂಕಡಿಸುವವನ ಹಾಗೆ ಅವನ ತಲೆ ವಾಲಿತು, ಕೈ ಜಾರಿತು. ಕೆಸರಿನಲ್ಲಿ ಕುಸಿದು ಕೂತು, ಹಾಗೆಯೇ ಮುಂದಕ್ಕೆ ಬಾಗಿದ.

ಕಾಡಪ್ಪ ಬಕೆಟ್ಟಿನ ಹಗ್ಗ ಕೈಬಿಟ್ಟು ಓಡಿದ. ಒಂದು ಕಾಲು ತೊಟ್ಟಿಯೊಳಗೆ ಇಟ್ಟೂ ಆಗಿತ್ತು, ಅಷ್ಟರಲ್ಲಿ ಸೊಣ್ಣಪ್ಪ ಹಿಂದಿನಿಂದ ಅವನ ಸೊಂಟ ತಬ್ಬಿ ಹಿಂದಕ್ಕೆ ಬಿದ್ದ. ಹಿಂದೆಯೇ ಇಳಿದವನೂ ಮೇಲೆ ಬರುವುದಿಲ್ಲವೆಂಬುದನ್ನು ಬಾವಿ ತೋಡುವವರ ಮನೆಯವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹರ್ಷವರ್ಧನ್ ಫೋನಿನಲ್ಲಿ ಫೈರ್ ಎಂಜಿನ್‌ನವರಿಗೆ ದಾರಿ ಹೇಳುತ್ತ ಗೇಟಿನ ಕಡೆಗೆ ಓಡುತ್ತಿದ್ದ.

"ಬಿಡ್ರೀ ಯಣ್ಣಾ. ನನ್ನ ತಮ್ಮರೀ ಅಂವ."

"ಬಿಡಲ್ಲ."

ಕಾಡಪ್ಪ ಅವನ ಮುಂಗೈ ಕಚ್ಚಿದ. ರಕ್ತ ಬಂತು. ಸೊಣ್ಣಪ್ಪ ಹಿಡಿತ ಇನ್ನಷ್ಟು ಬಿಗಿಮಾಡಿದ. ಇಬ್ಬರೂ ತೊಟ್ಟಿಯ ಅಂಚಿನಲ್ಲೇ ಬಿದ್ದಿದ್ದರು, ಒಳಗಿನದೆಲ್ಲ ಕಾಣುತ್ತಿತ್ತು.

"ದೀಪ ಉರಿಯಾಕತ್ತೈತಲ್ರೀ," ಎಂದ ಕಾಡಪ್ಪ. ಈಗ ಅವನು ಕೂಗುತ್ತಿರಲಿಲ್ಲ, ತಿಳಿಸಿ ಹೇಳುವವನಂತೆ ಅಂಗಲಾಚುತ್ತಿದ್ದ. "ನೋಡ್ರಿ ಅಲ್ಲಿ. ದೀಪ ಉರಿಯೋ ಕಡಿ ಮನಷ್ಯಾ ಉಸರಾಡತಾನಂತ ನೀವಽ ಅಂದ್ರಿ. ಗಾಳಿ ಐತ್ರೀ ಕೆಳಗ. ಬಿಡ್ರೀ, ನಾ ಹಿಂಗ ಹೋಗಿ ಹಂಗ ಬರ್ತೀನಿ."

ಸೊಣ್ಣಪ್ಪ ನೋಡಿದ. ಹೌದು, ಚೂರೂ ನಡುಗದೆ ಉರಿಯುತ್ತಿತ್ತು. ಅದರ ಬೆಳಕು ಬಸಲಿಂಗನ ಬೆನ್ನ ಮೇಲೆ ಬಿದ್ದಿತ್ತು. ಆ ಬೆನ್ನು ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಅಪ್ಪನ ಮೇಲೂ ತನ್ನ ಮೇಲೂ ಅವನಿಗೆ ಅಸಹ್ಯವಾಯಿತು.

"ಸುಳ್ಳು ಕಣಪ್ಪ," ಎಂದ. "ನಾನ್ ಏಳಿದ್ದು ಸುಳ್ಳು. ಆ ದೀಪ ನಂಬ್ಬೇಡ."

ಕಾಡಪ್ಪ ಕತ್ತು ತಿರುಗಿಸಿ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಒದ್ದಾಡುವುದನ್ನು ನಿಲ್ಲಿಸಿದ.

ಬೊಮ್ಮಸಂದ್ರದ ಕಡೆಯಿಂದ ಸೈರನ್ ಕೇಳಿಸಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದೇ ಕಡೆಯಿಂದ ಕೂಗುತ್ತಿತ್ತು. ಯಾರೋ ಬಂದು ಸೊಣ್ಣಪ್ಪನ ಭುಜ ಮುಟ್ಟಿ, "ಬಿಡು ಸೊಣ್ಣಪ್ಪ, ಅವನಿನ್ನು ಇಳಿಯಲ್ಲ," ಎಂದರು. ಅವನು ಬಿಡಲಿಲ್ಲ. ಉಸಿರಾಟಕ್ಕೆ ಕಾಡಪ್ಪನ ಬೆನ್ನು ತನ್ನ ಎದೆಗೆ ತಾಗಿ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ, ಹಾಗೆಯೇ ಹಿಡಿದುಕೊಂಡು ಕೂತಿದ್ದ.