ಒಂದು ಕಿತ್ತಳೆ, ಒಂದು ಹಸಿರು

ನನ್ನಕ್ಕ ಮಾರ್ಲಿಸ್‌ಳನ್ನು ಫ್ರೆಸ್ನೊದ ನನ್ನ ಮನೆಗೆ ಕರೆತಂದು ಜೊತೆಗೇ ಇಟ್ಟುಕೊಳ್ಳಬೇಕೆಂದು ನಾನು ಹಟ ಹಿಡಿದು ಬಹಳ ದಿನವಾಗಿತ್ತು. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಹಿಂದಿನ ಕೋಣೆಗೆ ಹೊಸ ಬಣ್ಣ ಹೊಡೆಸಿ, ಪರದೆ ಹಾಕಿಸಿ ಅವಳಿಗೆಂದೇ ಸಜ್ಜು ಮಾಡಿಟ್ಟಿದ್ದೆ. ಅವಳೋ, ರೆಡ್‌ಲ್ಯಾಂಡ್ಸ್‌ನ ತನ್ನ ಹಳೆ ಮನೆ ಬಿಟ್ಟು ಕದಲುವವಳಲ್ಲ. ಈ ಫೆಬ್ರವರಿಯಲ್ಲಿ ಇದ್ದಕ್ಕಿದ್ದ ಹಾಗೆ ಅವಳದೇ ಫೋನು.

"ಮರಿ, ಪಾಮ್ ಸ್ಪ್ರಿಂಗ್ಸ್‌ಗೆ ಹೋಗೋಣ. ಮೂನ್‌ಫ್ಲವರ್‌ನಲ್ಲಿ ರೂಮ್ ಹಿಡಿದಿದೀನಿ. ಕಾರು ನೀನೇ ಓಡಿಸ್ಬೇಕು. ಭಾನುವಾರದವರೆಗೂ ನಿನ್ನ ಹಿಂದಿನ ಕೋಣೆ ಸುದ್ದಿ ಎತ್ಕೂಡದು. ಎತ್ತಿದ್ರೆ ದಾರೀಲೇ ಇಳ್ಕೊಂಡು ಹೋಗ್ತೀನಿ."

ಒಪ್ಪಿದೆ. ಭಾನುವಾರ ಅವಳ ಬಾಯಿಂದ ಹೂಂ ಅನ್ನಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೂನ್‌ಫ್ಲವರ್ ಅಂದರೆ ನಮ್ಮ ಬಾಲ್ಯವನ್ನು ತೊಳೆದು ಒರೆಸಿ ಬಾಡಿಗೆಗೆ ಕೊಡುವ ಹೋಟೆಲು. ಅಮ್ಮ ಸಾಕಾಗಿ ಬೀದಿಗೆಸೆದದ್ದೆಲ್ಲ ಅಲ್ಲಿ ಜೋಪಾನವಾಗಿದೆ. ಕಡ್ಡಿಕಾಲಿನ ಮೇಜು, ಗುಲಾಬಿ ಬಣ್ಣದ ಬಚ್ಚಲು, ಬೆರಳು ತೂರಿಸಿ ತಿರುಗಿಸುವ ಫೋನು. ಹಾಳುಬಿದ್ದ ಆ ಜಾಗವನ್ನು ಲೈಲ್ ಮತ್ತು ಅವನ ಗಂಡ ಆಂಟನ್ ಕೊಂಡಾಗ ಈಜುಕೊಳದಲ್ಲಿ ನೀರಿನ ಬದಲು ಒಣಗಿದ ತಾಳೆಗರಿ ತುಂಬಿತ್ತಂತೆ. ಹಳೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡು, ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟು ಕಟ್ಟಿದ್ದಾರೆ. ದೀಪ ಅಲ್ಲೇ, ಸೋಫಾ ಅಲ್ಲೇ. ಬೂದಿಬಟ್ಟಲು ಕೂಡ ಅಲ್ಲೇ, ಸಿಗರೇಟು ಸೇದುವವರು ಒಬ್ಬರೂ ಇಲ್ಲದಿದ್ದರೂ.

"ಇಷ್ಟು ತಲೆ ಕೆಡಿಸ್ಕೊಂಡು ಹಳೇದನ್ನ ಕಟ್ಟೋ ಬದಲು ಆರಾಮಾಗಿ ಹೊಸದು ಕಟ್ಬಹುದಿತ್ತಲ್ಲಪ್ಪ" ಎಂದೆ ಲೈಲ್‌ಗೆ.

"ಹೊಸದು ಯಾರು ಬೇಕಾದ್ರೂ ಕಟ್ತಾರೆ, ಕೊರಿನ್. ನೀವು ಸಂಜೆ ಆಗೋವರೆಗೆ ಸುಮ್ನಿರಿ, ಆಮೇಲೆ ಬೈಯಿರಿ" ಎಂದ.

ಸಂಜೆ ಬೈಯಲು ಬಾಯಿ ಬರಲಿಲ್ಲ. ಸೂರ್ಯ ಬೆಟ್ಟದ ಹಿಂದೆ ಜಾರಿದ, ಊರೆಲ್ಲ ನೆರಳಾಯಿತು. ಹಳದಿ ಬಾಗಿಲುಗಳು ಮಾತ್ರ ಇನ್ನೂ ಬಿಸಿಲು ಕುಡಿಯುತ್ತಿರುವ ಹಾಗೆ ಕಂಡವು. ಹಿಂದೆ ದೀಪ ಹತ್ತಿದ ಮೇಲೆ ತೂತಿನ ಸಿಮೆಂಟ್ ಇಟ್ಟಿಗೆಯ ಗೋಡೆ ನೆಲದ ಮೇಲೆ ಬೆಳಕಿನ ಚುಕ್ಕಿಗಳನ್ನು ಚೆಲ್ಲಿತು. ಒಣಗಾಳಿಗೆ ಚಕ್ಕೋತದ ಹೂವಿನ ವಾಸನೆ. ಎಷ್ಟು ಚೆಂದ ಅನ್ನಿಸಿತು. ಅದನ್ನು ಲೈಲ್‌ಗೆ ಹೇಳಲಿಲ್ಲ, ಅಷ್ಟೇ.

ಅಲ್ಲಿ ಐದು ಗಂಟೆಗೆ ಒಂದು ಪದ್ಧತಿ. ಆಂಟನ್ ರೆಕಾರ್ಡ್ ಹಾಕುತ್ತಾನೆ. ಎಲ್ಲರೂ ಹೋಟೆಲು ಹೊಸದಾಗಿದ್ದ ಕಾಲದ ಉಡುಪು ತೊಟ್ಟು, ಗ್ಲಾಸು ಹಿಡಿದು ಕೊಳದ ಸುತ್ತ ಸೇರಬೇಕು. ಕಾಯಿಲೆಯ ಮಾತು ಮಾತ್ರ ಆಡಕೂಡದು. ಬಂದವರಲ್ಲಿ ಮುಕ್ಕಾಲು ಪಾಲು ನಮ್ಮಂಥ ಮುದುಕರು, ಬಿಟ್ಟರೆ ಮಂಡಿಯಿಂದ ಶುರುವಾಗಿ ಮೂತ್ರಪಿಂಡಕ್ಕೆ ಬಂದು ನಿಲ್ಲುತ್ತಾರೆ. ಯಾರು ಬಾಯಿ ಬಿಟ್ಟರೋ ಅವರು ತೊಟ್ಟ ಬಟ್ಟೆಯಲ್ಲೇ ನೀರಿಗೆ ಹಾರಬೇಕು. ಸಿಯಾಟಲ್‌ನಿಂದ ಬಂದಿದ್ದ ನಾರ್ಬರ್ಟ್ ಎಂಬಾತ ಮೊದಲ ದಿನವೇ ತನ್ನ ಸೊಂಟದ ಆಪರೇಷನ್ ವರ್ಣಿಸಹೋಗಿ, ಟೈ ಸಮೇತ ನೀರಿಗೆ ಬಿದ್ದ.

ಶುಕ್ರವಾರ ಮಾರ್ಲಿಸ್ ಬಿಳಿ ಫ್ರಾಕು ತೊಟ್ಟು ಬಂದಳು. ಕಾಲಲ್ಲಿ ಒಂದು ಕಿತ್ತಳೆ ಚಪ್ಪಲಿ, ಒಂದು ಹಸಿರು. ಒಂದೇ ಮಾದರಿಯಲ್ಲಿ ಕೊಂಡ ಎರಡು ಜೊತೆಯಲ್ಲಿ ಒಂದೊಂದು ಅವು. ನನ್ನ ಮಾನ ಹೋದ ಹಾಗಾಯಿತು. ಅಷ್ಟರಲ್ಲಿ ಲೈಲ್ ಓಡಿಬಂದ.

"ಮಾರ್ಲಿಸ್, ಚಪ್ಪಲಿ ಏನು ಚೆನ್ನಾಗಿದೆ. ಆಗ ನೀವೆಲ್ಲ ಹೀಗೇ ಹಾಕ್ತಿದ್ರಾ?"

"ಮತ್ತೆ? ಡ್ಯಾನ್ಸಿಗೆ ಹೋಗೋ ಹುಡುಗೀರೆಲ್ಲ ಹೀಗೇ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಪಾಪದ ಹುಡುಗನ ಕಾಲೆಳೆಯುತ್ತಿದ್ದಾಳೆ ಎಂದುಕೊಂಡೆ. ಎಲ್ಲೋ ಒಂದು ಕಡೆ ಮನಸ್ಸು ಕುಟುಕುತ್ತಲೂ ಇತ್ತು. ಊಟಕ್ಕೆ ನಾನು ಏನು ಹೇಳಿದೆನೋ ಅದನ್ನೇ ಅವಳೂ ಹೇಳುತ್ತಿದ್ದಳು. ಬೆಟ್ಟ ನೋಡು ಅಂದರೆ ಬೇರೆಲ್ಲೋ ನೋಡಿ "ಚೆನ್ನಾಗಿದೆ" ಅನ್ನುತ್ತಿದ್ದಳು. ಇವಳಿಗೆ ಅರಳು ಮರಳು ಶುರುವಾಯಿತೇ ಎಂದು ಹೆದರಿ, ಇನ್ನು ಹಿಂದಿನ ಕೋಣೆಗೆ ಎಳೆದುಕೊಂಡೇ ಹೋಗಬೇಕು ಎಂದು ಗಟ್ಟಿ ಮಾಡಿಕೊಂಡೆ.

ಶನಿವಾರ ಐದು ಗಂಟೆಗೆ ಹೋಗಿ ನೋಡಿದರೆ ಕೊಳದ ಸುತ್ತ ನಿಂತವರೆಲ್ಲರ ಕಾಲಲ್ಲೂ ಬೇರೆ ಬೇರೆ ಬಣ್ಣ. ಆಂಟನ್‌ಗೆ ಒಂದು ಕಪ್ಪು, ಒಂದು ಬಿಳಿ. ನಾರ್ಬರ್ಟ್ ತನ್ನ ಹೆಂಡತಿಯ ಹಳದಿ ಚಪ್ಪಲಿಯಲ್ಲಿ ಒಂದು ಕಾಲು ತುರುಕಿಕೊಂಡು ಕುಂಟುತ್ತಿದ್ದ. ಆ ಕಾಲದ ಗುಂಡಿ, ಹೊಲಿಗೆ ಕೂಡ ತಪ್ಪದ ಹಾಗೆ ನೋಡಿಕೊಳ್ಳುವ ಜನ, ನಿಜವಾಗಿ ಆ ಕಾಲ ಕಂಡವಳು ಹೇಳಿದ ಮೇಲೆ ಬಿಟ್ಟಾರೇ?

"ಮಾರ್ಲಿಸ್, ನೀವೇ ತೀರ್ಪು ಹೇಳ್ಬೇಕು. ಯಾರದ್ದು ಚೆನ್ನಾಗಿದೆ?" ಎಂದ ಲೈಲ್.

"ಯಾರದ್ದು ಏನು?"

"ಚಪ್ಪಲಿ. ನಿಮ್ಮ ಥರಾನೇ, ಒಂದು ಕಾಲಿಗೆ ಒಂದು ಬಣ್ಣ."

ಅಕ್ಕ ತನ್ನ ಪಾದಗಳ ಕಡೆ ಬಗ್ಗಿದಳು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು.

"ಮರಿ, ನನ್ನ ಕಾಲಲ್ಲಿ ಏನಿದೆ?"

"ಒಂದು ಕಿತ್ತಳೆ, ಒಂದು ಹಸಿರು."

"ನಿನ್ನೇನೂ?"

"ನಿನ್ನೇನೂ."

ಅವಳು ನಕ್ಕಳು. ಗ್ಲಾಸನ್ನು ನನ್ನ ಕೈಗಿತ್ತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅಂಥ ಫ್ಯಾಷನ್ ಯಾವ ಕಾಲದಲ್ಲೂ ಇರ್ಲಿಲ್ಲ ಕಣ್ರಪ್ಪ. ನನ್ನ ಕಣ್ಣು ಹೋಗ್ತಿದೆ. ನೋಟದಲ್ಲಿ ನಡುವಿಂದೆಲ್ಲ ಹೋಗಿ ಅಂಚು ಮಾತ್ರ ಉಳಿದಿದೆ. ವಾಸಿ ಆಗೋದಲ್ಲ ಅಂದಿದಾರೆ ಡಾಕ್ಟ್ರು. ಸರಿ, ನಿಯಮ ಮುರಿದೆ."

"ಮಾರ್ಲಿಸ್, ಬೇಡ, ಆ ನಿಯಮ ತಮಾಷೆಗೆ ಮಾಡಿದ್ದು" ಎನ್ನುತ್ತಾ ಲೈಲ್ ಅಡ್ಡ ಬಂದ. ಅವಳು ಅವನ ಪಕ್ಕದಿಂದ ಹಾದು, ಕುರ್ಚಿಗಳ ನಡುವೆ ಒಂದಕ್ಕೂ ತಾಗದೆ ನೇರ ನಡೆದು, ಆಳವಿರುವ ತುದಿಗೇ ಹೋಗಿ ಹಾರಿದಳು. ನಾನು ಅಂಚಿಗೆ ಓಡಿದೆ. ತಲೆ ಮೇಲೆ ಬಂದದ್ದೇ ಕೈ ಚಾಚಿದಳು. ಏಣಿಯ ಕಂಬಿ ಮೊದಲ ಸಲಕ್ಕೇ ಸಿಕ್ಕಿತು.

ನಾರ್ಬರ್ಟ್ ಗಂಟಲು ಸರಿಮಾಡಿಕೊಂಡು, "ನನ್ನ ಸೊಂಟ ಇನ್ನೂ ನೋಯ್ತಾ ಇದೆ" ಎಂದು ತಾನೂ ಹಾರಿದ. ಅವನ ಮೇಲೆ ನನಗೆ ಬಹಳ ಪ್ರೀತಿ ಬಂತು.

ಕೋಣೆಯಲ್ಲಿ ಅವಳ ತಲೆ ಒರೆಸುತ್ತಾ ಬೈದೆ. ಕೋಪ, ಅಳು, ಯಾವುದು ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರನೇ ದಿನವೇ ಲಾರಿ ತಂದು ನನ್ನ ಸಾಮಾನು ತುಂಬಿಸ್ತಿದ್ದೆ."

"ಕಣ್ಣು ಕಾಣದೆ ಒಬ್ಬಳೇ ಹೇಗೆ ಇರ್ತೀಯ?"

"ಇಲ್ಲಿಗೆ ಬಂದ ಮೇಲೆ ನಾನು ಎಲ್ಲಾದ್ರೂ ಎಡವಿದ್ನಾ? ಮದುವೆ ಆದ ಹೊಸತರಲ್ಲಿ ಡೆಲ್ ಜೊತೆ ಬಂದಿದ್ದೆ. ಆಗ ಏನು ಎಲ್ಲಿತ್ತೋ ಈ ಹುಡುಗರು ಎಲ್ಲಾನೂ ಅಲ್ಲೇ ಇಟ್ಟಿದಾರೆ. ನಂಗಿಲ್ಲಿ ಕಣ್ಣು ಬೇಕಾಗೇ ಇಲ್ಲ. ನನ್ನ ಮನೇಲೂ ಅಷ್ಟೇ, ಕೈಗೇ ಎಲ್ಲ ಗೊತ್ತು. ನಿನ್ನ ಆ ಕೋಣೇಲಿ ಮಾತ್ರ ನಾನು ಕುರುಡಿ. ಅದೂ ನಿಂಗೆ ತಿಂಗಳಿಗೊಂದ್ಸಲ ಸೋಫಾ ತಿರುಗಿಸ್ದಿದ್ರೆ ನಿದ್ದೆ ಬರಲ್ಲ."

ಹೊರಗೆ ಲೈಲ್ ಮತ್ತು ಆಂಟನ್ ಗ್ಲಾಸು ಎತ್ತಿ, ಮೇಜು ಒರೆಸಿ, ಒಂದೊಂದು ಕುರ್ಚಿಯನ್ನೂ ಅದರ ಜಾಗಕ್ಕೆ ಸರಿಸುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಒಂದು ಕುರ್ಚಿ ಅರ್ಧ ಗೇಣು ಆಚೆಗಿತ್ತು. ಆಂಟನ್ ತಿರುಗಿ ಬಂದು ಅದನ್ನು ಸರಿಮಾಡಿದ. ಎಂಥ ಹುಚ್ಚು ಎಂದು ಮೊನ್ನೆ ನಕ್ಕಿದ್ದೆ. ಈಗ ಎಷ್ಟು ಒಳ್ಳೆಯ ಹುಡುಗರು ಇವರು ಅನ್ನಿಸಿತು, ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಕೊಳದ ಪಕ್ಕ ಕಾಫಿ ಕುಡಿಯುತ್ತಾ ಕೂತಿದ್ದೆವು. "ಇವತ್ತು ಭಾನುವಾರ. ಶುರು ಮಾಡು, ಕೇಳ್ತೀನಿ" ಎಂದಳು ಮಾರ್ಲಿಸ್.

"ಫ್ರೆಸ್ನೊ ಮನೆ ಮಾರ್ತೀನಿ. ನಾನೇ ನಿನ್ನ ಮನೆಗೆ ಬರ್ತೀನಿ."

ಅವಳು ತಲೆ ವಾಲಿಸಿ, ಉಳಿದ ಆ ಅಂಚಿನಿಂದ ನನ್ನ ಮುಖವನ್ನು ನೋಡಿದಳು. ಎಷ್ಟು ಕಂಡಿತೋ.

"ಬಾ. ಆದ್ರೆ ಒಂದು ಮಾತು. ಅಲ್ಲಿ ಇರೋದು ಇದ್ದಲ್ಲೇ ಇರ್ಬೇಕು. ಏನಾದ್ರೂ ಕದಲಿಸಿದ್ಯೋ, ಓಡಿಸ್ಬಿಡ್ತೀನಿ."

ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕುರ್ಚಿಯನ್ನು ನೆರಳಿಗೆ ಎಳೆದುಕೊಳ್ಳಲೆಂದು ಅದರ ತೋಳಿಗೆ ಕೈ ಹಾಕಿದ್ದೆ. ಕೈ ತೆಗೆದೆ. ಕಣ್ಣು ಕಿರಿದು ಮಾಡಿಕೊಂಡು ಬಿಸಿಲಲ್ಲೇ ಕೂತೆ.