ದೊಡ್ಡ ಅಳತೆಯ ಅಂಗಿ

ಅಣ್ಣ ಹೋಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಅವನ ಅಂಗಿ ತೊಟ್ಟುಕೊಂಡು ಕೋಣೆಯಿಂದ ಹೊರಗೆ ಬಂದಳು. ನೀಲಿ ಗೆರೆಯ ಅಂಗಿ. ತೋಳು ಬೆರಳುಗಳನ್ನು ಮುಚ್ಚಿ ಇನ್ನೂ ಉಳಿದಿತ್ತು, ಕೆಳಗೆ ಮೊಣಕಾಲಿನವರೆಗೆ ಜೋತು ಬಿದ್ದಿತ್ತು. ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿದ್ದಳು. ನನ್ನ ಕೈಯಲ್ಲಿದ್ದ ಹಾಲಿನ ಬಾಟಲಿ ಬೀಳುವುದೊಂದು ಬಾಕಿ.

"ಏನಿದು ಅತ್ತಿಗೆ, ವೇಷ?" ಅಂದೆ.

"ಫೋನ್ ಮೇಡಂ ಓದಿದ್ದು ನೀನೂ ಕೇಳಿಸ್ಕೊಂಡ್ಯಲ್ಲ. ಮಗು ಎತ್ಕೊಳ್ಳೋವಾಗ ಬಟ್ಟೆ ಮೇಲೆ ದೊಡ್ಡ ಅಳತೆ ಅಂಗಿ ಹಾಕ್ಬೇಕು. ಉದ್ದ ತೋಳು, ಮುಂದೆ ಗುಂಡಿ. ಜೊಲ್ಲೋ ವಾಂತಿಯೋ ಬಿತ್ತು ಅಂದ್ರೆ ತಕ್ಷಣ ಬದಲಾಯಿಸ್ಬೇಕು. ಈ ಮನೇಲಿ ದೊಡ್ಡ ಅಳತೆ ಅಂಗಿ ಇನ್ಯಾರದ್ದಿದೆ, ನೀನೇ ಹೇಳು."

ಅಣ್ಣನ ಗಾತ್ರವೇ ಅಂಥದ್ದು. ಬಾಗಿಲಲ್ಲಿ ನಿಂತರೆ ಕೋಣೆಗೆ ಕತ್ತಲೆ. ಅಂಗಡಿಯವನು ಅವನನ್ನು ಕಂಡ ಕೂಡಲೇ ಒಳಗಿನ ಕಪಾಟಿಗೆ ಕೈ ಹಾಕುತ್ತಿದ್ದ.

ಅತ್ತಿಗೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನಾವಿಬ್ಬರೂ ಏಕವಚನದಲ್ಲೇ ಜಗಳ ಆಡುವವರು. ಗಂಡನ ಮನೆ ಬಿಟ್ಟು ಒಂದು ಪೆಟ್ಟಿಗೆ ಹಿಡಿದು ನಾನು ವಾಪಸು ಬಂದಾಗ ಅಣ್ಣ ಯಾಕೆ ಏನು ಅಂತ ಒಂದು ಮಾತೂ ಕೇಳಲಿಲ್ಲ. ಪೆಟ್ಟಿಗೆಯನ್ನು ಕೈಯಿಂದ ತೆಗೆದುಕೊಂಡು ಒಳಗಿಟ್ಟ, ಅಷ್ಟೇ. ಆಮೇಲೆ ಅತ್ತಿಗೆಯ ಬೇಬಿ ಸಿಟ್ಟಿಂಗಿನಲ್ಲಿ ನಾನೂ ಸೇರಿಕೊಂಡೆ. ಮುಂದಿನ ಮೂರು ಕೋಣೆ ಮಕ್ಕಳಿಗೆ, ಹಿಂದಿನವು ನಮಗೆ. ಅಣ್ಣ ಮಕ್ಕಳನ್ನು ಕರೆತರುವ ವ್ಯಾನು ಓಡಿಸುತ್ತಿದ್ದ. ಅಳುವ ಮಕ್ಕಳಿಗೆಂದು ಜೇಬಿನಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು, ಅರ್ಧ ತಾನೇ ತಿಂದು ಮುಗಿಸುತ್ತಿದ್ದ. ಅವನು ಪಕ್ಕದಲ್ಲಿ ಹಾದರೆ ಶೇವಿಂಗ್ ಸೋಪು, ಡೀಸೆಲ್ಲು, ಪೆಪ್ಪರ್‌ಮಿಂಟು ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು.

ರೋಗ ಬಂತು, ಊರೆಲ್ಲ ಬಾಗಿಲು ಹಾಕಿತು. ನಮ್ಮದೂ ಹಾಕಿದೆವು. ಹಾಕಿ ಏನು ಬಂತು? ಅಷ್ಟರಲ್ಲೇ ಅದು ಮನೆಯೊಳಗೆ ನುಗ್ಗಿ, ಮೂವರಲ್ಲಿ ಅವನನ್ನೇ ಆರಿಸಿಕೊಂಡಿತು. ಉಸಿರು ಎಳೆಯಲಾರದೆ ಬೆವರುತ್ತಿದ್ದವನು, ಆಂಬುಲೆನ್ಸು ಬಂದಾಗ ಒದ್ದೆ ಅಂಗಿ ತೆಗೆದು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಇಸ್ತ್ರಿ ಮಾಡಿದ್ದನ್ನು ಹಾಕಿಕೊಂಡ. ಆಸ್ಪತ್ರೆಗೆ ಹೋಗುವುದಕ್ಕೂ ಶೋಕಿ. ತಾನೇ ನಡೆದು ಹತ್ತಿ ಕೈ ಬೀಸಿದ. ಆಮೇಲೆ ನಮಗೆ ಬಂದದ್ದು ಒಂದು ಫೋನು ಮಾತ್ರ. ಮುಖ ನೋಡಲು ಬಿಡಲಿಲ್ಲ, ಎಲ್ಲವನ್ನೂ ಅವರೇ ಮುಗಿಸಿದರು. ಅವನು ಆ ಗಾಡಿಯಿಂದ ಎಲ್ಲೋ ಇಳಿದು ಹೋಗಿದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಅಂತ ನನಗೆ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಮನೆಗೆ ಔಷಧಿ ಹೊಡೆಯುವವರು ಬರುವ ಮುಂಚೆ ಅತ್ತಿಗೆ ಆ ಬೆವರಿನ ಅಂಗಿಯನ್ನು ಮೊಳೆಯಿಂದ ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಕಟ್ಟಿ ಬೀರುವಿನ ಮೇಲಿಟ್ಟಳು. ಒಂದು ಸಲ ಕೊಡು, ಮೂಸಿ ನೋಡಿ ಕೊಡ್ತೀನಿ ಅಂತ ನಾನು ಅಂಗಲಾಚಿದೆ. ಕೊಡಲಿಲ್ಲ.

"ಬಿಚ್ಚಿದ್ರೆ ಹೋಗ್ಬಿಡುತ್ತೆ ಕಣೇ," ಅಂದಳು. "ನಾನೂ ಬಿಚ್ಚಿಲ್ಲ. ಇರ್ಲಿ. ಇದೆ ಅಂತ ಗೊತ್ತಿದ್ರೆ ಸಾಕು."

ಹೀಗಿರುವಾಗ ಫೋನ್ ಮೇಡಂ ಗಂಟುಬಿದ್ದಳು. ಆರೋಗ್ಯ ಇಲಾಖೆಯವಳು. ಮುಖ ಕಂಡವರಿಲ್ಲ, ದನಿ ಮಾತ್ರ ದಿನಾ ಬೆಳಿಗ್ಗೆ ಹಾಜರು. ಆಸ್ಪತ್ರೆಯಲ್ಲಿ ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ನೀವು ಬಾಗಿಲು ತೆರೆದರೆ ಸರ್ಕಾರ ಬಾಡಿಗೆಗೆ ನೆರವು ಕೊಡುತ್ತದೆ, ಸೋಪು, ಗ್ಲೌಸು, ಥರ್ಮಾಮೀಟರು, ತೊಡಲು ಮೇಲಂಗಿ, ಎಲ್ಲಾ ಕೊಡುತ್ತದೆ ಅಂದಳು. ನನಗೆ ಮೈ ಉರಿದುಹೋಯಿತು. ನಮ್ಮವನನ್ನು ಉಳಿಸಿಕೊಡಲಾರದ ಆಸ್ಪತ್ರೆಯ ಮಕ್ಕಳನ್ನು ನಾವು ಸಾಕಬೇಕೇ? ಅತ್ತಿಗೆ ಒಂದೇ ಮಾತಿಗೆ ಹೂಂ ಅಂದುಬಿಟ್ಟಳು. ಮನೆಯಲ್ಲಿ ಸದ್ದಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತೆ ಅಂದಳು.

ಸೂಚನೆಗಳು ಶುರುವಾದವು. ಮಕ್ಕಳನ್ನು ಗೇಟಿನಲ್ಲೇ ಇಸಿದುಕೊಳ್ಳಿ, ಹೆತ್ತವರನ್ನು ಒಳಗೆ ಬಿಡಬೇಡಿ. ಹಾಸಿಗೆಗಳನ್ನು ದೂರ ದೂರ ಹಾಸಿ. ನೀವಿಬ್ಬರೂ ಮಾಸ್ಕ್ ಇಳಿಸಬೇಡಿ, ಹಸುಗೂಸುಗಳಿಗೆ ಮಾತ್ರ ಹಾಕಲೇಬೇಡಿ, ಉಸಿರು ಕಟ್ಟೀತು. ಮಕ್ಕಳಿಂದ ಆದಷ್ಟು ದೂರ ಇರಿ ಅಂತಲೂ ಒಂದು ದಿನ ಓದಿದಳು. "ಎಂಟು ತಿಂಗಳ ಕೂಸಿಗೆ ದೂರದಿಂದ ಹಾಲು ಹೇಗೆ ಕುಡಿಸೋದು ಮೇಡಂ, ಪೈಪ್ ಹಾಕ್ಲಾ?" ಅಂತ ಕೇಳಿದೆ. ಅವಳಿಗೂ ನಗು ತಡೆಯಲಾಗಲಿಲ್ಲ. ಕೆಟ್ಟವಳಲ್ಲ ಪಾಪ, ಬರೆದುಕೊಟ್ಟದ್ದನ್ನು ಓದುತ್ತಿದ್ದಳು. ಮಾರನೆಯ ದಿನವೇ ದೊಡ್ಡ ಅಳತೆಯ ಅಂಗಿಯ ಸೂಚನೆ ಬಂದದ್ದು. ಸೋಪು ಬಂತು, ಗ್ಲೌಸು ಬಂತು, ಬಾಡಿಗೆಯ ನೆರವೂ ಬಂತು. ಮೇಲಂಗಿ ಮಾತ್ರ ಮುಂದಿನ ವಾರ, ಮುಂದಿನ ವಾರ ಅಂತ ಮುಂದೆ ಹೋಗುತ್ತಲೇ ಇತ್ತು.

ಹಾಗಾಗಿ ಅಣ್ಣನ ಅಂಗಿಗಳು ಒಂದೊಂದಾಗಿ ಬೀರುವಿನಿಂದ ಇಳಿದವು. ಒಂದು ಮಗು ಹೆಗಲ ಮೇಲೆ ಕಕ್ಕಿದರೆ ಅಂಗಿ ತೆಗೆಯಬೇಕು, ಕುತ್ತಿಗೆ ತೊಳೆಯಬೇಕು, ಬೇರೆ ಅಂಗಿ ಹಾಕಿ ಇನ್ನೊಂದು ಮಗುವನ್ನು ಎತ್ತಬೇಕು. ತೆಗೆದದ್ದನ್ನು ಅತ್ತಿಗೆ ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸುತ್ತಿದ್ದಳು. ಕೋಲಿನಿಂದ ತಿರುವುತ್ತಾ ನಿಂತರೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ನೀಲಿ ಬೂದಿಯಾಯಿತು, ಕಂದು ಹಳದಿಯಾಯಿತು.

"ಅಣ್ಣನ್ನೇ ಕುದಿಸ್ತಿದ್ದೀಯ ನೀನು," ಅಂದುಬಿಟ್ಟೆ ಒಂದು ದಿನ. "ನಿನಗೆ ಕರುಳು ಅನ್ನೋದು ಇದ್ಯಾ?"

"ಅಂಗಿ ಅಂದ್ರೆ ಅಂಗಿ," ಅಂದಳು. "ನಿಮ್ಮಣ್ಣ ಇದ್ದಿದ್ರೂ ಇದನ್ನೇ ಮಾಡು ಅಂತಿದ್ರು. ಅಕ್ಕಿಕಾಳನ್ನ ಯಾರು ಎತ್ಕೊಳ್ತಾರೆ ಹೇಳು?"

ಅಕ್ಕಿಕಾಳು ಅಂದರೆ ಆಸ್ಪತ್ರೆಯ ಅಡುಗೆಯವಳ ಹೆಣ್ಣು ಕೂಸು. ದಿನ ತುಂಬುವ ಮೊದಲೇ ಹುಟ್ಟಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ಮೈ, ಉಸಿರಾಡಿದರೆ ಸಣ್ಣಗೆ ಸಿಳ್ಳು. ಅದಕ್ಕೆ ನೆಗಡಿಯಾದರೂ ತಡೆಯದು ಅಂತ ಡಾಕ್ಟರು ಹೇಳಿದ್ದರು. ಇನ್ನೊಬ್ಬನಿದ್ದ, ನರ್ಸಮ್ಮನ ಮಗ. ಅವನನ್ನು ನಾನು ದೊರೆ ಅನ್ನುತ್ತಿದ್ದೆ. ಎತ್ತಿಕೊಂಡೇ ಇರಬೇಕು, ಕೆಳಗಿಟ್ಟರೆ ಬೀದಿಗೆಲ್ಲ ಡಂಗುರ. ಅವನ ತಾಯಿಗೆ ಅಣ್ಣ ಮಲಗಿದ್ದ ವಾರ್ಡಿನಲ್ಲೇ ಕೆಲಸ ಅಂತ ಗೊತ್ತಾದ ಮೇಲೆ ಅವನು ಅತ್ತರೂ ನಾನು ನಿಧಾನಕ್ಕೆ ಏಳುತ್ತಿದ್ದೆ. ಕೂಸಿನ ಮೇಲೆ ಎಂಥಾ ಹಗೆ ಅಂತ ನನಗೇ ನಾಚಿಕೆಯಾಗುತ್ತಿತ್ತು, ಆದರೂ ಬೇಗ ಏಳುತ್ತಿರಲಿಲ್ಲ.

ಆ ದಿನ ಅತ್ತಿಗೆ ಮೇಲಂಗಿ ಕೇಳಲು ತಾನೇ ಕಚೇರಿಗೆ ಹೋದಳು. ಇಲ್ಲಿ ದೊರೆಗೆ ಹೊಟ್ಟೆ ಕೆಟ್ಟಿತು. ಕುಡಿದದ್ದೆಲ್ಲ ವಾಪಸು. ಒಂದು ಅಂಗಿ ಹೋಯಿತು, ಎರಡನೆಯದು ಹೋಯಿತು. ಉಳಿದವು ಆಗಲೇ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದವು. ಹಣೆ ಮುಟ್ಟಿದರೆ ಬಿಸಿ. ಗೋಡೆ ಪಕ್ಕ ಅವನನ್ನು ಬೇರೆ ಮಲಗಿಸಿ ನರ್ಸಮ್ಮನಿಗೆ ಫೋನ್ ಮಾಡಿದೆ. ವಾರ್ಡಿನೊಳಗೆ ಫೋನು ಒಯ್ಯುವಂತಿಲ್ಲವಲ್ಲ, ಅದು ಬಡಿದುಕೊಂಡು ಸುಮ್ಮನಾಯಿತು. ಅಷ್ಟರಲ್ಲಿ ಅವನು ಮಲಗಿದಲ್ಲೇ ಮತ್ತೆ ಕಕ್ಕಿದ. ಅಳು ನಿಂತು ಗಂಟಲಲ್ಲಿ ಗೊರಗೊರ ಸದ್ದು. ಓಡಿಹೋಗಿ ಮಗ್ಗುಲಿಗೆ ತಿರುಗಿಸಿ ಬಾಯಿ ಒರೆಸಿದೆ. ಉಸಿರು ಬಂತು. ಬಂದದ್ದೇ ತಡ, ಎರಡೂ ಕೈ ನನ್ನತ್ತ ಚಾಚಿ ಎಂದೂ ಅಳದ ಹಾಗೆ ಅತ್ತ. ಎತ್ತಿಕೊಳ್ಳದೆ ಇರಲು ಆಗಲಿಲ್ಲ. ಬರೀ ಬಟ್ಟೆಯಲ್ಲೇ ಎತ್ತಿಕೊಂಡರೆ ಆಮೇಲೆ ಅದೇ ಬಟ್ಟೆಯಲ್ಲಿ ಅಕ್ಕಿಕಾಳಿಗೆ ಹಾಲು ಕುಡಿಸಬೇಕು. ಅವಳು ಪಕ್ಕದ ಕೋಣೆಯಲ್ಲಿ ಆಗಲೇ ಕಣ್ಣುಬಿಟ್ಟು ಕೊಸರಾಡುತ್ತಿದ್ದಳು.

ಬೀರುವಿನ ಮೇಲಿನ ಚೀಲವನ್ನು ಎಳೆದೆ. ಕಟ್ಟಿಟ್ಟು ವಾರಗಳೇ ಆಗಿದ್ದವು, ಬಟ್ಟೆಯಲ್ಲಿ ರೋಗ ಅಷ್ಟು ದಿನ ಉಳಿಯುವುದಿಲ್ಲ ಅಂತ ಫೋನ್ ಮೇಡಂ ಓದಿದ್ದಳು. ಗಂಟು ಬಿಚ್ಚಲು ಪುರುಸೊತ್ತೆಲ್ಲಿ? ಉಗುರು ಹಾಕಿ ಹರಿದೆ. ಅಂಗಿ ತೊಟ್ಟು, ಗುಂಡಿ ಹಾಕುತ್ತಲೇ ಓಡಿಬಂದು ದೊರೆಯನ್ನು ಎತ್ತಿಕೊಂಡೆ. ಅವನು ಅಣ್ಣನ ಕಾಲರಿಗೆ ಮೂಗು ಒತ್ತಿ ಇನ್ನೆರಡು ಸಲ ಬಿಕ್ಕಿದ. ಆಮೇಲೆ ಬಿಕ್ಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೆಗಲ ಮೇಲೆಲ್ಲ ಬೆಚ್ಚಗೆ ಹಾಲು ಕಕ್ಕಿ, ಅಲ್ಲೇ ನಿದ್ದೆಹೋದ. ಅವನ ಬೆನ್ನು ತಟ್ಟುತ್ತಾ ಕೋಣೆಯಲ್ಲಿ ಅಡ್ಡಾಡಿದೆ. ಪಕ್ಕದಲ್ಲಿ ಅಕ್ಕಿಕಾಳೂ ಮತ್ತೆ ಕಣ್ಣು ಮುಚ್ಚಿದ್ದಳು. ಅಷ್ಟು ದಿನ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನ್ನ ಕಣ್ಣೀರು ಇಳಿದು ಮಾಸ್ಕು ಒದ್ದೆಯಾಯಿತು.

ಗೇಟಿನ ಸದ್ದಾಯಿತು. ಅತ್ತಿಗೆ ಬರಿಗೈಯಲ್ಲಿ ಬಂದಳು.

"ಮುಂದಿನ ವಾರ ಅಂತೆ," ಅನ್ನುತ್ತಾ ಕೈ ತೊಳೆದು ಒಳಗೆ ಬಂದವಳು ನನ್ನನ್ನು ನೋಡಿದಳು. ನೆಲದ ಮೇಲಿದ್ದ ಹರಿದ ಚೀಲ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಬೇರೆ ಇರ್ಲಿಲ್ಲ ಅತ್ತಿಗೆ," ಅಂದೆ. "ಮಗು ಉಸಿರು ಕಟ್ಟಿ..."

"ಗೊತ್ತಾಗುತ್ತೆ," ಅಂದಳು. ಹತ್ತಿರ ಬಂದು ತೋಳಿನ ತುದಿ ಹಿಡಿದಳು. "ಇತ್ತಾ?"

"ಏನು?"

"ಅವರ ವಾಸನೆ. ಚೀಲ ಹರಿದಾಗ ಇತ್ತಾ?"

ಹೊಳೆದದ್ದು ನನಗೆ ಆಗಲೇ. ಇತ್ತು ಅಂತ ಒಂದು ಸುಳ್ಳು ಹೇಳಬಹುದಿತ್ತು. ಸೋಪು, ಡೀಸೆಲ್ಲು, ಪೆಪ್ಪರ್‌ಮಿಂಟು ಅಂತ ಬಾಯಿಪಾಠ ಒಪ್ಪಿಸಬಹುದಿತ್ತು. ಅವಳ ಕಣ್ಣು ನೋಡಿ ಬಾಯಿ ಬರಲಿಲ್ಲ.

"ಮಾಸ್ಕ್ ಹಾಕಿದ್ದೆ ಅತ್ತಿಗೆ," ಅಂದೆ. "ಬೆಳಿಗ್ಗೆಯಿಂದ ಇಳಿಸೇ ಇಲ್ಲ."

ಮಗುವನ್ನು ಹಾಸಿಗೆಗೆ ಹಾಕಿ ಅಂಗಿ ಕಳಚಿಕೊಟ್ಟೆ. ಆ ಕೋಣೆಯಲ್ಲಿ ಒಮ್ಮೆಯೂ ಮಾಸ್ಕ್ ತೆಗೆಯದಿದ್ದವಳು ಅದನ್ನು ಗದ್ದಕ್ಕೆ ಎಳೆದುಕೊಂಡು ಕಾಲರಿಗೆ ಮುಖ ಒತ್ತಿದಳು. ತೋಳು ಮೂಸಿದಳು, ಕಂಕುಳು ಮೂಸಿದಳು, ಒಳಗೆ ಹೊರಗೆ ತಿರುಗಿಸಿ ಬೆನ್ನು ಮೂಸಿದಳು. ನನಗೂ ಕೊಟ್ಟಳು. ನಾನೂ ಮೂಸಿದೆ.

"ಹಾಲು," ಅಂದಳು ಅತ್ತಿಗೆ. "ಬರೀ ಹುಳಿ ಹಾಲು."

ಒಲೆ ಹಚ್ಚಿದವಳೂ ಅವಳೇ. ನಾನು ಬೇಡ, ಹೀಗೇ ಇಟ್ಟುಕೊಳ್ಳೋಣ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಅಂಗಿಯನ್ನು ನೀರಿಗೆ ಇಳಿಬಿಟ್ಟರೂ ಕಾಲರು ಹಿಡಿದ ಬೆರಳು ಬಿಡಲೊಲ್ಲವು. ನೀರು ಬಿಸಿಯೇರುತ್ತಿತ್ತು. ನಾನೇ ಒಂದೊಂದಾಗಿ ಬೆರಳು ಬಿಡಿಸಿದೆ. ಆಗ ಅತ್ತಳು ಅತ್ತಿಗೆ. ಅಣ್ಣ ಆಂಬುಲೆನ್ಸು ಹತ್ತಿದಾಗ ಅಳಲಿಲ್ಲ, ಫೋನು ಬಂದಾಗ ಅಳಲಿಲ್ಲ. ನನ್ನ ಕುತ್ತಿಗೆಗೆ ಜೋತುಬಿದ್ದು ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತಳು, ನಾನೂ ಅತ್ತೆ. ಇವಳಿಗೆ ಕರುಳಿಲ್ಲ ಅಂದಿದ್ದೆನಲ್ಲ.

ಅಳು ಕೇಳಿ ದೊರೆಗೆ ಎಚ್ಚರವಾಯಿತು. ಅಷ್ಟು ಹೊತ್ತಿಗೆ ಬಿಸಿಲಿಗೆ ತಂತಿಯ ಮೇಲೆ ಬಿಳಿ ಅಂಗಿಯೊಂದು ಒಣಗಿತ್ತು. ಅತ್ತಿಗೆ ಮುಖ ತೊಳೆದು, ಹೊಸ ಮಾಸ್ಕು ಕಟ್ಟಿ, ಅಂಗಿ ತೊಟ್ಟು ಅವನನ್ನು ಎತ್ತಿಕೊಂಡಳು. ಜ್ವರ ಇಳಿದಿತ್ತು. ಅವನು ಕಾಲರಿಗೆ ಮೂಗು ತಂದು, ಅಲ್ಲಿ ಇಲ್ಲಿ ಒತ್ತಿ ಹುಡುಕಿ, ತಲೆ ಎತ್ತಿ ಅವಳನ್ನೇ ನೋಡಿದ.

"ನಿಂಗೊಬ್ಬನಿಗೇ ಸಿಕ್ಕಿದ್ದು ಕಣೋ," ಅಂದಳು ಅತ್ತಿಗೆ. "ಹೇಗಿತ್ತೋ? ಹೇಳೋ ಮರಿ, ಹೇಗಿತ್ತು?"

ಮತ್ತೆ ಮತ್ತೆ ಕೇಳಿದಳು. ಅವನಿಗಿನ್ನೂ ಮಾತು ಬಂದಿರಲಿಲ್ಲ.